ಬಸ್ ತಪ್ಪಿದ ಊರಿನ ಹೆಸರು

ಪ್ಯಾರಿಸ್ಸಿನ ಸ್ಯಾಂ ಲಜಾರ್ ಸ್ಟೇಷನ್ನಿನಿಂದ ಹೊರಟ ರೈಲು ಮುಕ್ಕಾಲು ಗಂಟೆಗೆಲ್ಲ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಹೆಸರು ವೆರ್ನೋಂ-ಜಿವೆರ್ನಿ. ಅರ್ಧ ರೈಲು ಅಲ್ಲೇ ಖಾಲಿಯಾಗುತ್ತದೆ. ಇಳಿದವರೆಲ್ಲ ಒಂದೇ ದಿಕ್ಕಿಗೆ ಓಡುತ್ತಾರೆ. ಹೊರಗೆ ಜಿವೆರ್ನಿಗೆ ಹೋಗುವ ಬಸ್ಸು ಕಾಯುತ್ತಿರುತ್ತದಲ್ಲ, ಅದಕ್ಕೆ. ಅಲ್ಲಿಂದ ಐದು ಕಿಲೋಮೀಟರ್ ದೂರದಲ್ಲಿ ಚಿತ್ರಕಾರ ಕ್ಲೋಡ್ ಮೊನೆಯ ಮನೆ, ತೋಟ, ಆ ಪ್ರಸಿದ್ಧ ನೈದಿಲೆ ಕೊಳ. 1883ರಿಂದ 1926ರಲ್ಲಿ ಸಾಯುವವರೆಗೂ ಆತ ಇದ್ದದ್ದು ಅಲ್ಲೇ.

2022ರ ಮೇ ತಿಂಗಳಲ್ಲಿ ನಾನೂ ಹಾಗೇ ಇಳಿದೆ. ಆದರೆ ಕಾಫಿ ಆಸೆಗೆ ಬಿದ್ದೆ. ಕಪ್ಪು ಹಿಡಿದು ಹೊರಗೆ ಬರುವಷ್ಟರಲ್ಲಿ ಬಸ್ಸು ತಿರುವು ದಾಟುತ್ತಿತ್ತು. ಮುಂದಿನದಕ್ಕೆ ಸುಮಾರು ಹೊತ್ತಿತ್ತು. ಸುಮ್ನೆ ನಿಂತು ಏನು ಮಾಡೋದು ಅಂತ ಊರೊಳಗೆ ನಡೆದೆ.

ವೆರ್ನೋಂ ದೊಡ್ಡ ಊರೇನಲ್ಲ. ಜನಸಂಖ್ಯೆ ಇಪ್ಪತ್ತೈದು ಸಾವಿರದ ಆಸುಪಾಸು. ನಾರ್ಮಂಡಿಯ ಬಾಗಿಲಲ್ಲಿ, ಸೀನ್ ನದಿಯ ದಂಡೆಯಲ್ಲಿ ಕೂತಿದೆ. ನಡುವೆ ಒಂದು ಹಳೆಯ ಚರ್ಚು. ಅದರ ಪಕ್ಕದಲ್ಲಿ ಮರದ ತೊಲೆಗಳನ್ನು ಹೊರಗೆ ಕಾಣುವಂತೆ ಕಟ್ಟಿದ, ಸ್ವಲ್ಪ ವಾಲಿದಂತಿರುವ ಮನೆ. ಎದುರಾದ ಅಜ್ಜಿಯೊಬ್ಬರು "ಬೋಂಜೂರ್" ಅಂದರು. ಪ್ಯಾರಿಸ್ಸಿನಲ್ಲಿ ನಾಲ್ಕು ದಿನ ಇದ್ದರೂ ಯಾರೂ ತಾವಾಗಿ ಹಾಗೆ ಅಂದಿರಲಿಲ್ಲ.

ನದಿ ದಾಟಿದರೆ ಆಚೆ ದಡದಲ್ಲಿ ಒಂದು ವಿಚಿತ್ರ ಕಟ್ಟಡ. ಹಳೆಯ ಸೇತುವೆಯೊಂದು ಯಾವತ್ತೋ ಬಿದ್ದುಹೋಗಿದೆ. ಉಳಿದ ಎರಡು ಕಂಬಗಳ ಮೇಲೆ ಒಂದು ಹಿಟ್ಟಿನ ಗಿರಣಿ ಕಾಲೂರಿ ನಿಂತಿದೆ. ಕೆಳಗೆ ನೀರು, ಮೇಲೆ ಮನೆ. ಗಿರಣಿ ನಿಂತು ಎಷ್ಟೋ ಕಾಲವಾಗಿದೆ, ಮನೆ ಮಾತ್ರ ಬೀಳದೆ ಉಳಿದಿದೆ. ಮೊನೆ ಇದನ್ನೂ ಚಿತ್ರಿಸಿದ್ದಾನೆ. ದಡದ ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಾಗ ತಲೆಗೆ ಬಂದದ್ದು ಮಾತ್ರ ಚಿತ್ರಕಲೆ ಅಲ್ಲ, ಕ್ರಿಕೆಟ್ಟು. ವೆರ್ನೋಂ ಅನ್ನೋದನ್ನು ಇಂಗ್ಲಿಷಿನವರು ಓದಿದರೆ ವರ್ನನ್ ಆಗುತ್ತೆ. ವರ್ನನ್ ಅಂದ ಕೂಡಲೆ ದಕ್ಷಿಣ ಆಫ್ರಿಕಾದ ಬೌಲರ್ ಫಿಲಾಂಡರ್ ನೆನಪಾದ.

ಮರೆಯೋದು ಹೇಗೆ? 2018ರ ಜನವರಿ, ಕೇಪ್ ಟೌನ್. ನಮಗೆ ಬೇಕಿದ್ದದ್ದು 208 ರನ್. ನಾವು 135ಕ್ಕೆ ಆಲೌಟ್. ವರ್ನನ್ ಫಿಲಾಂಡರ್ 42 ರನ್ನಿಗೆ 6 ವಿಕೆಟ್ ಕಿತ್ತ. ಕೊಹ್ಲಿಯನ್ನು ಎಲ್‌ಬಿಡಬ್ಲ್ಯು ಮಾಡಿದವನೂ ಅವನೇ, ಕೊನೆಯಲ್ಲಿ ನಾಲ್ಕೇ ಎಸೆತಗಳಲ್ಲಿ ಮೂರು ವಿಕೆಟ್ ತೆಗೆದು ಆಟ ಮುಗಿಸಿದವನೂ ಅವನೇ. ಆ ಬೌಲರ್ ಹೆಸರು ಈ ನದಿ ದಂಡೆಯಿಂದ ಹೋದದ್ದಾ? ಫೋನ್ ತೆಗೆದೆ. ಆವತ್ತು ಮೊನೆಯ ತೋಟಕ್ಕೆ ಹೋದೆನೋ ಇಲ್ಲವೋ ಅಂತ ಕೇಳಬೇಡಿ. ಹೋದೆ. ಆದರೆ ನೈದಿಲೆ ಕೊಳದ ಮುಂದೆ ನಿಂತೂ ಫೋನ್ ನೋಡುತ್ತಿದ್ದ ಒಬ್ಬನೇ ಒಬ್ಬ ಪ್ರವಾಸಿ ನಾನೇ ಇರಬೇಕು.

ಹೆಸರಿನ ಬೇರು ಒಂದು ಮರ. ಫ್ರಾನ್ಸಿನಲ್ಲಿ ರೋಮನ್ನರಿಗಿಂತ ಮೊದಲಿದ್ದ ಗಾಲ್ ಜನರ ಮಾತಿನಲ್ಲಿ 'ವೆರ್ನ' ಅಂದರೆ ಆಲ್ಡರ್ ಮರ. ನಮ್ಮ ಹೊಳೆಮತ್ತಿಯ ಹಾಗೆ ನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಜಾತಿ. ಅದರ ಕಟ್ಟಿಗೆ ನೀರೊಳಗೆ ಬೇಗ ಕೊಳೆಯುವುದಿಲ್ಲ. ಹುಣಸೆಯಿಂದ ಹುಣಸೂರು, ಅತ್ತಿಯಿಂದ ಅತ್ತಿಗುಪ್ಪೆ ಆದ ಹಾಗೆ ಇದೂ ಒಂದು ಮರದ ಊರು. ಫ್ರಾನ್ಸಿನ ಕೆಲವು ಕಡೆ ಇವತ್ತಿಗೂ ಆ ಮರಕ್ಕೆ 'ವೆರ್ನ್' ಅಂತಲೇ ಅನ್ನುತ್ತಾರೆ. ಜೂಲ್ಸ್ ವೆರ್ನ್ ಹೆಸರಿನಲ್ಲಿರುವುದೂ ಅದೇ ಪದ. ಮನುಷ್ಯ ಚಂದ್ರನ ಕಡೆ ಹಾರುವ ಕತೆಯನ್ನು 1865ರಲ್ಲೇ ಬರೆದವನು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಊರಿನಿಂದ ಹೆಸರು ಮನುಷ್ಯರಿಗೆ ಅಂಟಿದ್ದು ನಾರ್ಮನ್ನರ ಕಾಲದಲ್ಲಿ. 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನ ಕಡೆಯವರು ಅಲ್ಲಿ ಜಮೀನು ಹಂಚಿಕೊಂಡರು. ಇಪ್ಪತ್ತು ವರ್ಷ ಕಳೆದು 1086ರಲ್ಲಿ ಇಡೀ ದೇಶದ ಜಮೀನಿನ ಲೆಕ್ಕ ಬರೆಸಿದಾಗ, ಚೆಷೈರ್ ಸೀಮೆಯ ಒಡೆಯರ ಪಟ್ಟಿಯಲ್ಲಿ ಒಬ್ಬ ರಿಚರ್ಡ್ ಡಿ ವರ್ನನ್ ಸಿಗುತ್ತಾನೆ. ಅಂದರೆ ವೆರ್ನೋಂ ಊರಿನ ರಿಚರ್ಡ. ನಮ್ಮಲ್ಲಿ ತಾಲ್ಲೂಕು ಕಚೇರಿಯ ಪಹಣಿಯಲ್ಲಿ ಬರೆಯುವಂತೆಯೇ. ಆಮೇಲೆ ಆ 'ಡಿ' ಉದುರಿತು, ವರ್ನನ್ ಉಳಿಯಿತು. ಮುಂದೆ ಡರ್ಬಿಷೈರಿನ ಹ್ಯಾಡನ್ ಹಾಲ್ ಅನ್ನುವ ದೊಡ್ಡ ಮನೆಯಲ್ಲಿ ವರ್ನನ್‌ಗಳು ತಲೆತಲಾಂತರ ಬಾಳಿದರು. ಶೇಕ್ಸ್‌ಪಿಯರನ ನಾಟಕದಲ್ಲೂ ಒಬ್ಬ ಸರ್ ರಿಚರ್ಡ್ ವರ್ನನ್ ಬಂದು ಹೋಗುತ್ತಾನೆ. ಅಷ್ಟು ಹೊತ್ತಿಗೆ ಅವರಿಗೂ ಸೀನ್ ನದಿಗೂ ಏನೂ ಸಂಬಂಧ ಉಳಿದಿರಲಿಲ್ಲ.

ಇದು ನಮಗೆ ಹೊಸದಲ್ಲ ಬಿಡಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದೆ ಇದ್ದದ್ದು ಮೋಕ್ಷಗುಂಡಂ, ಹಿರಿಯರು ತಲೆಮಾರುಗಳ ಹಿಂದೆಯೇ ಬಿಟ್ಟು ಬಂದಿದ್ದ ಆಂಧ್ರದ ಹಳ್ಳಿ. ಪಡುಕೋಣೆ ಅಂದರೆ ಕುಂದಾಪುರದ ಹತ್ತಿರದ ಊರು ಅಂತ ಮುಂಬೈಯಲ್ಲಿ ಎಷ್ಟು ಜನಕ್ಕೆ ಗೊತ್ತು?

ಎಲ್ಲ ವರ್ನನ್‌ಗಳ ಪೈಕಿ ನನಗೆ ಜಾಸ್ತಿ ಮಜಾ ಕೊಟ್ಟವನು ಅಡ್ಮಿರಲ್ ಎಡ್ವರ್ಡ್ ವರ್ನನ್. ಹುಟ್ಟಿದ್ದು 1684ರಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ. ಬ್ರಿಟಿಷ್ ನೌಕಾಪಡೆಯ ಅಧಿಕಾರಿ. 1739ರಲ್ಲಿ ಬರೀ ಆರು ಹಡಗು ತೆಗೆದುಕೊಂಡು ಹೋಗಿ, ಈಗಿನ ಪನಾಮಾದಲ್ಲಿರುವ ಪೋರ್ಟೊಬೆಲ್ಲೊ ಬಂದರನ್ನು ಸ್ಪೇನಿನವರಿಂದ ಕಿತ್ತುಕೊಂಡ. ಇಂಗ್ಲೆಂಡಿನಲ್ಲಿ ಹಬ್ಬವೋ ಹಬ್ಬ. ಅವನ ಮುಖವಿರುವ ಪದಕಗಳು ಬೀದಿಬೀದಿಯಲ್ಲಿ ಮಾರಾಟವಾದವು. ಲಂಡನ್ನಿಗೆ ಹೋದವರು ಹಳೆ ಸಾಮಾನು ನೋಡಲು ಹೋಗುವ ಪೋರ್ಟೊಬೆಲ್ಲೊ ರೋಡಿಗೆ ಆ ಹೆಸರು ಬಂದದ್ದೂ ಈ ಗೆಲುವಿನಿಂದಲೇ.

ಗೆದ್ದ ಮೇಲೆ ತಲೆ ತಿರುಗುವುದು ಸಹಜ. 1741ರಲ್ಲಿ ಭಾರೀ ಸೇನೆ ಕಟ್ಟಿಕೊಂಡು ಕಾರ್ಟಹೇನಾ ಕೋಟೆಗೆ ಮುತ್ತಿಗೆ ಹಾಕಿದ. ಈಗಿನ ಕೊಲಂಬಿಯಾದಲ್ಲಿದೆ ಅದು. ಕೋಟೆ ಕಾಯುತ್ತಿದ್ದವನು ಬ್ಲಾಸ್ ಡಿ ಲೆಜೊ. ಹಿಂದಿನ ಯುದ್ಧಗಳಲ್ಲಿ ಒಂದು ಕಾಲು, ಒಂದು ಕಣ್ಣು ಕಳೆದುಕೊಂಡಿದ್ದ ಮುದುಕ. ಇತ್ತ ಇಂಗ್ಲೆಂಡಿನಲ್ಲಿ ಗೆಲುವಿನ ಸುದ್ದಿ ಬರುವ ಮೊದಲೇ ಪದಕ ಟಂಕಿಸಿಬಿಟ್ಟರು. ಅದರಲ್ಲಿ ಲೆಜೊ ವರ್ನನ್ ಮುಂದೆ ಮಂಡಿಯೂರಿ ಕೂತಿದ್ದಾನೆ. ಒಂದೇ ಕಾಲಿನವನು ಹೇಗೆ ಮಂಡಿಯೂರಿದನೋ ಅದನ್ನು ಅಕ್ಕಸಾಲಿಗನೇ ಹೇಳಬೇಕು. ನಿಜವಾಗಿ ಆದದ್ದೇ ಬೇರೆ. ಹಳದಿ ಜ್ವರಕ್ಕೆ ಸಾವಿರಾರು ಸೈನಿಕರು ಸತ್ತರು. ವರ್ನನ್ ಮುತ್ತಿಗೆ ಬಿಟ್ಟು ಬರಿಗೈಲಿ ವಾಪಸ್ಸಾದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗಂತೂ ಸಿಕ್ಕಿಲ್ಲ. ಆ ಪದಕಗಳು ಮ್ಯೂಸಿಯಂಗಳಲ್ಲಿ ಇನ್ನೂ ಇವೆ.

ಇವನ ಹೆಸರು ಉಳಿದದ್ದು ಯುದ್ಧದಿಂದಲ್ಲ, ರಮ್ಮಿನಿಂದ. ಆಗ ನಾವಿಕರಿಗೆ ದಿನಾ ಅರ್ಧ ಪೈಂಟ್ ರಮ್ ಕೊಡುತ್ತಿದ್ದರು. ಒಂದೇ ಗುಕ್ಕಿಗೆ ಕುಡಿದು ಹಡಗಿನ ಮೇಲೆ ಬಿದ್ದಿರುತ್ತಿದ್ದರು. 1740ರ ಆಗಸ್ಟಿನಲ್ಲಿ ವರ್ನನ್ ಆಜ್ಞೆ ಹೊರಡಿಸಿದ: ಒಂದು ಪಾಲು ರಮ್ಮಿಗೆ ನಾಲ್ಕು ಪಾಲು ನೀರು ಬೆರೆಸಿ, ದಿನಕ್ಕೆ ಎರಡು ಸಲ ಹಂಚಿ. ಬೇಕಿದ್ದವರು ಸಕ್ಕರೆ, ನಿಂಬೆಹಣ್ಣು ಕೊಂಡು ಹಾಕಿಕೊಳ್ಳಬಹುದು. ರಮ್ ಹೋಗಿ ಪಾನಕ ಆಯಿತು ಅನ್ನಿ. ಹುಡುಗರಿಗೆ ಸಿಟ್ಟು ಬರದೆ ಇರುತ್ತದಾ? ಆತ ಗ್ರೋಗ್ರಂ ಅನ್ನುವ ಒರಟು ಬಟ್ಟೆಯ ನಿಲುವಂಗಿ ಹಾಕುತ್ತಿದ್ದ. ಹಾಗಾಗಿ 'ಓಲ್ಡ್ ಗ್ರಾಗ್' ಅಂತ ಅಡ್ಡಹೆಸರು ಇಟ್ಟಿದ್ದರು. ಅವನು ಬೆರೆಸಿದ ಪಾನೀಯವೂ ಗ್ರಾಗ್ ಆಯಿತು. ತಲೆ ಗಿಮ್ ಅನ್ನುತ್ತಿದ್ದರೆ ಇಂಗ್ಲಿಷಿನಲ್ಲಿ 'ಗ್ರಾಗಿ' ಅನ್ನುತ್ತಾರಲ್ಲ, ಅದೂ ಇಲ್ಲಿಂದಲೇ. ಬ್ರಿಟಿಷ್ ನೌಕಾಪಡೆ ದಿನದ ರಮ್ ನಿಲ್ಲಿಸಿದ್ದು 1970ರ ಜುಲೈ 31ರಂದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಒಂದು ವರ್ಷ ಆಗಿತ್ತು!

ಕಾರ್ಟಹೇನಾದಲ್ಲಿ ಸೋತ ಸೇನೆಯಲ್ಲಿ ಅಮೆರಿಕದ ವಸಾಹತಿನಿಂದ ಬಂದ ಒಬ್ಬ ಹುಡುಗನಿದ್ದ, ಲಾರೆನ್ಸ್ ವಾಷಿಂಗ್ಟನ್. ಜೀವ ಉಳಿಸಿಕೊಂಡು ಊರಿಗೆ ಮರಳಿದ. ಸೋಲಿಸಿದ ಅಡ್ಮಿರಲ್ ಮೇಲೆ ಸಿಟ್ಟಾಗುವುದು ಬಿಟ್ಟು, ವರ್ಜೀನಿಯಾದ ತನ್ನ ತೋಟದ ಮನೆಗೆ ಮೌಂಟ್ ವರ್ನನ್ ಅಂತ ಹೆಸರಿಟ್ಟ. ಆ ಮನೆ ಮುಂದೆ ಮಲತಮ್ಮನ ಪಾಲಿಗೆ ಬಂತು. ಆ ಮಲತಮ್ಮ ಜಾರ್ಜ್ ವಾಷಿಂಗ್ಟನ್. ಮೊದಲ ಅಧ್ಯಕ್ಷರ ಮನೆ ಅಂದಮೇಲೆ ಕೇಳಬೇಕಾ? ನ್ಯೂಯಾರ್ಕ್, ಇಲಿನಾಯ್, ಓಹಾಯೊ, ಅಯೋವಾ, ಹೀಗೆ ರಾಜ್ಯ ರಾಜ್ಯದಲ್ಲೂ ಒಂದೊಂದು ಮೌಂಟ್ ವರ್ನನ್ ಹುಟ್ಟಿಕೊಂಡಿತು. ಹೊಳೆ ದಂಡೆಯ ಮರ ಅಟ್ಲಾಂಟಿಕ್ ದಾಟಿ ಗುಡ್ಡವಾಯಿತು.

ಆಮೇಲೆ ಮನೆತನದ ಹೆಸರು ಸ್ವಂತ ಹೆಸರೂ ಆಯಿತು. ಮಂಗಳೂರು, ಗೋವಾ ಕಡೆಯ ಕ್ರೈಸ್ತ ಮನೆಗಳಲ್ಲೂ ಕೇಳುತ್ತೇವೆ. ಪಟ್ಟಿ ಉದ್ದವಿದೆ, ಎಲ್ಲರನ್ನೂ ಹೇಳುತ್ತಾ ಕೂರುವುದಿಲ್ಲ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ವರ್ನನ್ ಸ್ಮಿತ್ ಇದ್ದಾರೆ. ಇಸ್ಪೀಟು ಎಲೆಯ ಜಾದೂಗಾರ ಡೈ ವರ್ನನ್ ಇದ್ದಾನೆ. ಯಾವ ಜಾದೂವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹಿಡಿಯುತ್ತೇನೆ ಅಂತ ಜಂಬ ಕೊಚ್ಚುತ್ತಿದ್ದ ಹೂಡಿನಿಯನ್ನೇ ಮತ್ತೆ ಮತ್ತೆ ತೋರಿಸಿ ಏಮಾರಿಸಿದ ಭೂಪ. ಆದರೆ ಅವನು ಹುಟ್ಟಾ ವರ್ನನ್ ಅಲ್ಲ, ವರ್ನರ್.

ಈ ಪಟ್ಟಿ ನೋಡುತ್ತಾ ನೋಡುತ್ತಾ ನನಗೆ ಒಂದು ಕಸಿವಿಸಿ ಶುರುವಾಯಿತು. ಇವರಲ್ಲಿ ಹೆಚ್ಚಿನವರಿಗೂ ಈ ಊರಿಗೂ ಹೆಸರು ಬಿಟ್ಟರೆ ಬೇರೆ ನಂಟೇ ಇಲ್ಲ. ಹಾಗಾದರೆ ಇಲ್ಲಿ ಬದುಕಿದವರು, ಬೆವರು ಸುರಿಸಿದವರು ಯಾರು? ಮೊನೆಯಂತೂ ಪಕ್ಕದ ಹಳ್ಳಿಯವನಾದ. ಚಿತ್ರಕಾರ ಬೊನಾರ್ 1912ರಲ್ಲಿ ನದಿಯ ಆಚೆ ದಡದಲ್ಲಿ ಮನೆ ಕೊಂಡಿದ್ದ. ಹನ್ನೆರಡನೇ ಶತಮಾನದ ಒಬ್ಬ ಸಂತ ಇದ್ದಾನೆ, ಅಜ್ಯೂಟರ್. ಧರ್ಮಯುದ್ಧಕ್ಕೆ ಹೋಗಿ ಸೆರೆ ಸಿಕ್ಕು ಬಿಡಿಸಿಕೊಂಡು ಬಂದವನು. ಸೀನ್ ನದಿಯ ಸುಳಿಗೆ ತನ್ನ ಸಂಕೋಲೆ ಎಸೆದು ಸುಳಿಯನ್ನೇ ಅಡಗಿಸಿದ ಅನ್ನುವುದು ಕತೆ. ಈಜುವವರು, ದೋಣಿಯವರೆಲ್ಲ ಅವನಿಗೆ ನಡೆದುಕೊಳ್ಳುತ್ತಾರೆ.

ಇಷ್ಟೇ ಅಂದುಕೊಂಡು ಫೋನ್ ಒಳಗಿಡಬೇಕು, ಅಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ರಾಕೆಟ್.

ಎರಡನೇ ಮಹಾಯುದ್ಧದಲ್ಲಿ ಈ ಊರಿಗೆ ಎರಡೂ ಕಡೆಯಿಂದ ಪೆಟ್ಟು ಬಿತ್ತು. 1940ರಲ್ಲಿ ಜರ್ಮನ್ ಬಾಂಬು, 1944ರಲ್ಲಿ ಮಿತ್ರಪಕ್ಷದ ಬಾಂಬು. 1944ರ ಆಗಸ್ಟ್ 25ರಂದು, ಪ್ಯಾರಿಸ್ ಬಿಡುಗಡೆಯಾದ ಅದೇ ದಿನ, ಬ್ರಿಟಿಷ್ ಸೈನಿಕರು ಇಲ್ಲಿ ದೋಣಿಗಳಲ್ಲಿ ಸೀನ್ ದಾಟಲು ಹೊರಟರು. ಆಚೆ ದಡದ ಗುಡ್ಡದಿಂದ ಜರ್ಮನ್ನರು ಗುಂಡು ಸುರಿಸುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ, 1946ರಲ್ಲಿ, ಅದೇ ಊರಿಗೆ ಮತ್ತೆ ಜರ್ಮನ್ನರು ಬಂದರು. ಈ ಸಲ ಕರೆಸಿಕೊಂಡವರು ಫ್ರೆಂಚರೇ. ಹಿಟ್ಲರನಿಗೆ ವಿ-2 ರಾಕೆಟ್ ಮಾಡಿಕೊಟ್ಟ ಎಂಜಿನಿಯರುಗಳು ಇವರು. ಊರ ಮೇಲಿನ ಕಾಡಿನ ಹತ್ತಿರ ಒಂದು ಪ್ರಯೋಗಾಲಯ ಎದ್ದಿತು. ಬೇಕರಿಯ ಸಾಲಿನಲ್ಲಿ ಇವರ ಹಿಂದೆ ನಿಂತ ವೆರ್ನೋಂ ಜನಕ್ಕೆ ಏನನಿಸಿರಬಹುದು ಅಂತ ನಾನು ಬಹಳ ಹೊತ್ತು ಯೋಚಿಸಿದೆ.

ಅಲ್ಲಿ ಹುಟ್ಟಿದ ರಾಕೆಟ್ಟಿನ ಹೆಸರು ವೆರೋನಿಕ್. ಯಾವುದೋ ಹುಡುಗಿಯ ಹೆಸರಲ್ಲ. ವೆರ್ನೋಂ ಮತ್ತು ಎಲೆಕ್ಟ್ರೋನಿಕ್, ಎರಡನ್ನೂ ಕತ್ತರಿಸಿ ಜೋಡಿಸಿದ್ದು. 1963ರ ಅಕ್ಟೋಬರ್ 18ರಂದು ವೆರೋನಿಕ್ ಒಂದು ಬೆಕ್ಕನ್ನು ಹೊತ್ತುಕೊಂಡು ಆಲ್ಜೀರಿಯಾದ ಮರುಭೂಮಿಯಿಂದ 150 ಕಿಲೋಮೀಟರಿಗೂ ಮೇಲೆ ಹಾರಿತು. ಫೆಲಿಸೆಟ್ ಅನ್ನುವ ಆ ಬೆಕ್ಕು ಜೀವಂತ ಕೆಳಗಿಳಿಯಿತು. ಒಂದು ತಿಂಗಳ ಮೇಲೆ ಮೂರು ದಿನ ಕಳೆದು ನವೆಂಬರ್ 21ರಂದು ಕೇರಳದ ತುಂಬಾದಿಂದ ನಮ್ಮ ನೆಲದ ಮೊದಲ ರಾಕೆಟ್ ಹಾರಿತು.

ವೆರ್ನೋಂನವರಿಗೆ 'ವ' ಅಕ್ಷರದ ಮೇಲೆ ಅದೇನೋ ಮೋಹ. ಅವರ ಎಂಜಿನ್ನುಗಳ ಹೆಸರು ನೋಡಿ: ವೆಕ್ಸಾಂ, ವಾಲ್ವಾ, ವೈಕಿಂಗ್, ವಲ್ಕೇನ್, ವಿಂಚಿ. (ವಿಂಚಿಯೂ ಇಟಲಿಯ ಒಂದು ಸಣ್ಣ ಊರು. ಲಿಯೊನಾರ್ಡೊನನ್ನು ನಾವೆಲ್ಲ ಅವನ ಊರಿನ ಹೆಸರಿನಿಂದಲೇ ಕರೆಯುತ್ತಿದ್ದೇವೆ, ಅಲ್ವಾ?) ಇದರಲ್ಲಿ ನಮಗೆ ಬೇಕಾದದ್ದು ವೈಕಿಂಗ್. ಯೂರೋಪಿನ ಏರಿಯಾನ್ ರಾಕೆಟ್ಟಿಗಾಗಿ ಎಪ್ಪತ್ತರ ದಶಕದಲ್ಲಿ ಮಾಡಿದ್ದು.

1974ರಲ್ಲಿ ಇಸ್ರೊ ಮತ್ತು ವೈಕಿಂಗ್ ತಯಾರಿಸುತ್ತಿದ್ದ ಫ್ರೆಂಚ್ ಕಂಪನಿಯ ನಡುವೆ ಒಂದು ಒಪ್ಪಂದ ಆಯಿತು. ನಮ್ಮ ಹತ್ತಿರ ದುಡ್ಡಿರಲಿಲ್ಲ, ತಲೆ ಇತ್ತು. ಹಾಗಾಗಿ ತಲೆಯನ್ನೇ ಕೊಟ್ಟೆವು. ನಮ್ಮ ಎಂಜಿನಿಯರುಗಳು ಅಲ್ಲಿಗೆ ಹೋಗಿ ನೂರು ಮಾನವ-ವರ್ಷದಷ್ಟು ಕೆಲಸ ಮಾಡಿಕೊಡಬೇಕು, ಬದಲಿಗೆ ಎಂಜಿನ್ನಿನ ವಿದ್ಯೆ ಕಲಿತು ಬರಬಹುದು. ಒಂಥರಾ ಗುರುಕುಲದ ಲೆಕ್ಕ. ನಂಬಿ ನಾರಾಯಣನ್ ಅವರ ಮುಂದಾಳತ್ವದಲ್ಲಿ ತಂಡ ಹೊರಟಿತು. ಎಲ್ಲಿಗೆ? ಈ ವೆರ್ನೋಂಗೆ.

ನಾನು ಕೂತಿದ್ದ ಬೆಂಚು ಆಗ ಇತ್ತೋ ಇಲ್ಲವೋ. ಆದರೆ ಆ ಗಿರಣಿ ಇತ್ತು, ನದಿ ಇತ್ತು. ಭಾನುವಾರದ ಸಂಜೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡ ನಾಲ್ಕು ಜನ ನಮ್ಮವರು ಈ ದಂಡೆಯಲ್ಲಿ ನಡೆದಿರಲೇಬೇಕು ಅಂತ ನಾನು ಕಲ್ಪಿಸಿಕೊಂಡೆ. ಸಾರಿಗೆ ಹುಣಸೆಹಣ್ಣು ಎಲ್ಲಿ ಸಿಗುತ್ತೆ ಅಂತ ಚರ್ಚೆ ಆಗಿರಬೇಕು. ಅಂಗಡಿಯವನಿಗೆ ಕೊತ್ತಂಬರಿ ಸೊಪ್ಪಿನ ಚಿತ್ರ ಬರೆದು ತೋರಿಸಿರಬೇಕು. ಮನೆಗೆ ಬರೆದ ಏರೋಗ್ರಾಂನಲ್ಲಿ ಊರಿನ ಹೆಸರನ್ನು ವರ್ನನ್ ಅಂತ ಬರೆದರೋ ವೆರ್ನೋಂ ಅಂತಲೋ? ಇದೆಲ್ಲ ನನ್ನ ಊಹೆ. ಹಗಲಿಡೀ ಅವರು ಕೆಲಸ ಮಾಡಿದ್ದು, ನಕ್ಷೆ ನಕ್ಷೆಯನ್ನೂ ಅರೆದು ಕುಡಿದದ್ದು ಮಾತ್ರ ಊಹೆಯಲ್ಲ.

ಅವರು ಕಲಿತು ಬಂದು ಕಟ್ಟಿದ ಎಂಜಿನ್ನೇ ವಿಕಾಸ್. ವಿಕಾಸ ಅಂದರೆ ಬೆಳವಣಿಗೆ. ಆದರೆ ವಿಕ್ರಮ್ ಅಂಬಾಲಾಲ್ ಸಾರಾಭಾಯಿ ಹೆಸರನ್ನು ಒಳಗೆ ಅಡಗಿಸಿ ಹಾಗೆ ಇಟ್ಟದ್ದು ಅಂತ ನಂಬಿಯವರು ಹೇಳುತ್ತಾರೆ. ಹೇಗೇ ಇರಲಿ, ಮೊದಲಕ್ಷರ ಮತ್ತೆ ಅದೇ 'ವ'. 1985ರಲ್ಲಿ ವಿಕಾಸ್ ಎಂಜಿನ್ನನ್ನು ಪರೀಕ್ಷೆ ಮಾಡಿದ್ದೂ ವೆರ್ನೋಂನಲ್ಲೇ. ಪಿಎಸ್ಎಲ್‌ವಿಯ ಎರಡನೇ ಹಂತ ಇವತ್ತಿಗೂ ಓಡುವುದು ಅದರಿಂದಲೇ. 2008ರ ಚಂದ್ರಯಾನ, 2013ರ ಮಂಗಳಯಾನ, ಎರಡನ್ನೂ ಮೇಲೆತ್ತುವಾಗ ನಡುವೆ ಭುಜ ಕೊಟ್ಟದ್ದು ಈ ಎಂಜಿನ್. ಆಲ್ಡರ್ ಮರದ ಊರಿಂದ ಚಂದ್ರನವರೆಗೆ. ಜೂಲ್ಸ್ ವೆರ್ನ್ ಇದ್ದಿದ್ದರೆ ಖುಷಿಪಡುತ್ತಿದ್ದ.

ಬೆಂಗಳೂರಿಗೂ ಒಂದು ನೇರ ನಂಟು ಇದೆ. ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟಿರುವ ಆ ಫೋಟೊ ನೀವು ನೋಡೇ ಇರುತ್ತೀರಿ. ಬಡ ದೇಶ, ಲಾರಿಗೆ ದುಡ್ಡಿಲ್ಲ ಅಂತ ವಿದೇಶದವರು ನಕ್ಕರು. ನಮ್ಮವರೂ ಕೆಲವರು ಹಾಗೇ ನಂಬಿದ್ದಾರೆ. ವಿಷಯ ಅದಲ್ಲ. ಉಪಗ್ರಹದ ಆಂಟೆನಾ ಪರೀಕ್ಷೆ ಮಾಡಬೇಕಿತ್ತು. ಸುತ್ತ ಲೋಹ ಇದ್ದರೆ ಸಿಗ್ನಲ್ ಕೆಡುತ್ತದೆ. ಮರದ ಗಾಡಿಯಲ್ಲಿ ಆ ತೊಂದರೆ ಇಲ್ಲ. ಆ ಉಪಗ್ರಹ ಆ್ಯಪಲ್. ಅದನ್ನು ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ ಶುರುವಾದ ಉಪಗ್ರಹ ಕೇಂದ್ರ, ಅದರ ಮುಖ್ಯಸ್ಥರು ಯು.ಆರ್. ರಾವ್. 1981ರ ಜೂನ್ 19ರಂದು ಅದನ್ನು ಆಕಾಶಕ್ಕೆ ಒಯ್ದದ್ದು ಏರಿಯಾನ್. ಮೊದಲ ಹಂತದಲ್ಲಿ ನಾಲ್ಕು, ಎರಡನೇ ಹಂತದಲ್ಲಿ ಒಂದು, ಒಟ್ಟು ಐದು ವೈಕಿಂಗ್ ಎಂಜಿನ್. ಎತ್ತಿನ ಗಾಡಿಯಿಂದ ಇಳಿದದ್ದು ಹತ್ತಿದ್ದು ವೆರ್ನೋಂ ಹೆಗಲಿಗೆ. ಮತ್ತೆ ಯು.ಆರ್. ರಾವ್ ಹೆಸರಿನ ಆ 'ಯು' ಏನು ಹೇಳಿ? ಉಡುಪಿ.

ಆ ದಿನ ಸಂಜೆ ಪ್ಯಾರಿಸ್ಸಿನ ರೈಲು ಹತ್ತುವ ಮುಂಚೆ ಸ್ಟೇಷನ್ನಿನ ಪ್ರವಾಸಿ ನಕ್ಷೆ ನೋಡಿದೆ. ಗಿರಣಿ ಇತ್ತು, ಚರ್ಚು ಇತ್ತು, ಮೊನೆಗಂತೂ ಬಾಣದ ಗುರುತು. ರಾಕೆಟ್ ಇರಲಿಲ್ಲ. ಇರಬೇಕಿತ್ತು ಅಂತ ನನ್ನ ಅನಿಸಿಕೆ. ಏನೂ ಬೇಡ, ಆ ಬೆಕ್ಕಿನ ಒಂದು ಗೊಂಬೆ ಇಟ್ಟಿದ್ದರೂ ಸಾಕಿತ್ತು.

ಮಾರನೇ ವರ್ಷ, 2023ರ ಜುಲೈ 14. ಫ್ರಾನ್ಸಿನ ರಾಷ್ಟ್ರೀಯ ಹಬ್ಬದ ದಿನ. ನಮ್ಮ ಪ್ರಧಾನಿ ಅಂದು ಪ್ಯಾರಿಸ್ಸಿನ ಪರೇಡಿನಲ್ಲಿ ಮುಖ್ಯ ಅತಿಥಿ. ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಚಂದ್ರಯಾನ-3 ಹೊರಟಿತು. ನಾನು, ಅಮ್ಮ ಟಿವಿ ಮುಂದೆ ಕೂತಿದ್ದೆವು. ಅಮ್ಮನ ಕೈಯಲ್ಲಿ ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ನಿಂತಿತ್ತು. ಎರಡು ನಿಮಿಷ ಆಗುವ ಮೊದಲೇ ಎಲ್110 ಹಂತ ಹೊತ್ತಿಕೊಂಡಿತು ಅಂತ ಮೈಕಿನಲ್ಲಿ ಹೇಳಿದರು. ಅಂದರೆ ಎರಡು ವಿಕಾಸ್ ಎಂಜಿನ್ ಒಟ್ಟಿಗೆ. ನನಗೆ ತಡೆಯಲಾಗಲಿಲ್ಲ. "ವೆರ್ನೋಂ!" ಅಂತ ಕೂಗಿಬಿಟ್ಟೆ.

ಅಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಯಾರೋ ಅದು? ನಿನ್ ಜೊತೆ ಓದಿದವನಾ?" ಅಂದರು.